ಸೊರಬದ ವೀರಗಲ್ಲುಗಳಿಗೆ ಹೊತ್ತೊಯ್ಯುವ ಲ್ಯಾಪ್‌ಟಾಪ್: 35 ಸಾವಿರದೊಳಗೆ ಮಾಡಿದ ಒಂದು ಆಯ್ಕೆ

2024ರ ಮೇ ತಿಂಗಳ ಕೊನೆಯ ವಾರ ಅಕ್ಕನ ಮಗಳ ಫೋನ್ ಬಂತು. "ಮಾಮ, ಲ್ಯಾಪ್‌ಟಾಪ್ ಕೈಕೊಟ್ಟಿತು. ಮಳೆ ಹಿಡಿಯೋದ್ರೊಳಗೆ ಇನ್ನೂ ನಾಲ್ಕೈದು ಊರು ಮುಗಿಸ್ಬೇಕು. ಏನ್ ಮಾಡ್ಲಿ?" ಅವಳು ಪಿಎಚ್‌.ಡಿ. ವಿದ್ಯಾರ್ಥಿನಿ. ಸೊರಬ ತಾಲ್ಲೂಕಿನ ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಮನೆ ಸಾಗರದಲ್ಲಿ. ವಾರದಲ್ಲಿ ಎರಡು ದಿನ ಶಂಕರಘಟ್ಟದ ವಿಶ್ವವಿದ್ಯಾಲಯ, ಎರಡು ದಿನ ಹಳ್ಳಿಗಳು, ಉಳಿದ ದಿನ ಮನೆಯಲ್ಲಿ ಬರವಣಿಗೆ. ಓಡಾಟವೆಲ್ಲ ಬಸ್ಸಿನಲ್ಲಿ, ಬಸ್ಸು ಹೋಗದ ಕಡೆ ಯಾರದಾದರೂ ಬೈಕಿನ ಹಿಂದೆ.

ನಾನು ಇಪ್ಪತ್ತು ವರ್ಷ ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡಿದವನು. ಹಾಗಾಗಿ ಮನೆಯಲ್ಲಿ ಕಂಪ್ಯೂಟರಿನ ವಿಷಯ ಬಂದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಅಕ್ಕ ಫೋನ್ ಕಸಿದುಕೊಂಡು ಒಂದೇ ಮಾತು ಹೇಳಿದಳು: "35 ಸಾವಿರ. ಅದರ ಮೇಲೆ ಆಗಲ್ಲ." ಈ ಆಯ್ಕೆ ಹೇಗೆ ನಡೆಯಿತು, ಎಲ್ಲಿ ನನ್ನ ಲೆಕ್ಕ ತಪ್ಪಿತು, ಈಗ ಆ ಯಂತ್ರ ಹೇಗಿದೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇಂಥದೇ ಓಡಾಟ, ಇಂಥದೇ ಜೇಬು ಇರುವವರು ಬಹಳ ಮಂದಿ ಇದ್ದಾರೆ.

ಹಳೆಯದರ ಕಥೆ

ಅವಳ ಹಳೆಯ ಲ್ಯಾಪ್‌ಟಾಪ್ ಡಿಗ್ರಿಗೆ ಸೇರಿದಾಗ ಕೊಂಡದ್ದು. 15.6 ಇಂಚಿನ ಪರದೆ, 2.2 ಕಿಲೋ ತೂಕ. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ಪ್ಲಗ್ ಕಿತ್ತರೆ ಯಂತ್ರ ಆರಿಹೋಗುತ್ತಿತ್ತು. ಮೇ ತಿಂಗಳಲ್ಲಿ ಪರದೆ ಮಡಚುವ ಬಲಗಡೆಯ ಹಿಂಜು (ಕೀಲು) ಮುರಿಯಿತು, ಅದರ ಜೊತೆಗೆ ಪರದೆಗೆ ಹೋಗುವ ಕೇಬಲ್ಲೂ ಹರಿಯಿತು. ಒಳಗಿನ ಹಾರ್ಡ್ ಡಿಸ್ಕ್ ಉಳಿದದ್ದು ಅದೃಷ್ಟ. ಎರಡು ವರ್ಷದ ಫೋಟೋಗಳು ಅದೊಂದರಲ್ಲೇ ಇದ್ದವು, ಬೇರೆಲ್ಲೂ ನಕಲು ಇರಲಿಲ್ಲ.

ಮೊದಲು ಅಂತರ್ಜಾಲದಲ್ಲಿ ಬೆಲೆ ನೋಡಲು ಕೂತೆವು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ತಲೆ ಕೆಟ್ಟಿತು. ಪ್ರತಿ ಯಂತ್ರಕ್ಕೂ ಇಪ್ಪತ್ತು ಸಾಲಿನ ವಿವರ ಇದೆ, ಆದರೆ ಒಂದು ಸಾಲೂ ಅವಳ ದಿನಕ್ಕೆ ಹೊಂದುತ್ತಿಲ್ಲ. ಆಗ ನಾನು ಅದನ್ನು ಮುಚ್ಚಿಸಿ ಹೇಳಿದೆ: "ಮೊದಲು ನಿನ್ನ ಒಂದು ದಿನ ಹೇಳು. ಬೆಳಗ್ಗೆಯಿಂದ. ಎಲ್ಲಿ ಕೂರ್ತೀಯ, ಎಲ್ಲಿ ಪ್ಲಗ್ ಇದೆ, ಯಾವಾಗ ತೆಗೀತೀಯ."

ಅವಳ ಒಂದು ದಿನ

ಬೆಳಗ್ಗೆ ಏಳರ ಬಸ್ಸಿಗೆ ಸಾಗರ ಬಿಟ್ಟರೆ ಸೊರಬದ ಮೇಲೆ ಯಾವುದೋ ಹಳ್ಳಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟದಲ್ಲಿ ಸೊರಬ, ಸಾಗರದ ಕಡೆಯ ಶಾಸನಗಳಿವೆ. ಅದು 1904ರಷ್ಟು ಹಿಂದೆಯೇ ಅಚ್ಚಾದದ್ದು. ಅದರಲ್ಲಿ ಹೇಳಿದ ಕಲ್ಲು ಈಗಲೂ ಅದೇ ಜಾಗದಲ್ಲಿದೆಯೇ, ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಎಲ್ಲಿಗಾದರೂ ಹೋಯಿತೇ, ಅಡಿಕೆ ತೋಟದ ಬೇಲಿಯಲ್ಲಿ ಮುಳುಗಿದೆಯೇ ಎಂದು ಹುಡುಕುವುದು ಮೊದಲ ಕೆಲಸ. ಸಂಪುಟದ ಸ್ಕ್ಯಾನ್ ಮಾಡಿದ ಪಿಡಿಎಫ್ ನೂರಾರು ಪುಟದ್ದು. ಅದು ಯಾವಾಗಲೂ ತೆರೆದೇ ಇರಬೇಕು.

ಕಲ್ಲು ಸಿಕ್ಕ ಮೇಲೆ ಫೋಟೋ. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಬರಹ ಇರುವುದು ಸಾಮಾನ್ಯವಾಗಿ ಈ ಹಂತಗಳ ನಡುವಿನ ಸಣ್ಣ ಪಟ್ಟಿಗಳಲ್ಲಿ. ಮಳೆ, ಪಾಚಿ, ಎಣ್ಣೆ ಕುಂಕುಮಕ್ಕೆ ಅಕ್ಷರ ಸವೆದಿರುತ್ತವೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಗೀರುಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತವೆ. ಒಂದೇ ಪಟ್ಟಿಯನ್ನು ಎಂಟು ಹತ್ತು ಕೋನದಿಂದ ತೆಗೆಯುತ್ತಾಳೆ. ಒಂದು ಕಲ್ಲಿಗೆ ನೂರು ಫೋಟೋ ಸುಲಭವಾಗಿ ಆಗುತ್ತದೆ.

ಲ್ಯಾಪ್‌ಟಾಪ್ ಬೇಕಾಗುವುದು ಆ ಹೊತ್ತಿಗೆ, ಆ ಜಾಗದಲ್ಲಿ. ಕ್ಯಾಮೆರಾದ ಮೂರು ಇಂಚಿನ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಮೂರನೆಯ ಸಾಲಿನ ನಡುವೆ ಎರಡು ಅಕ್ಷರ ಕದಡಿರುತ್ತವೆ. ಆ ಎರಡು ಅಕ್ಷರಕ್ಕಾಗಿ ಮತ್ತೆ ಒಂದು ದಿನ, ಮತ್ತೆ ಬಸ್ಸು. ಹಳೆಯ ಲ್ಯಾಪ್‌ಟಾಪ್ ಪ್ಲಗ್ ಇಲ್ಲದೆ ನಡೆಯುತ್ತಿರಲಿಲ್ಲವಾದ್ದರಿಂದ ಎರಡು ವರ್ಷದಲ್ಲಿ ಹೀಗೆ ಹನ್ನೊಂದು ಸಲ ಹಿಂದಿರುಗಿ ಹೋಗಿದ್ದಳು. ಅವಳ ಡೈರಿಯಲ್ಲಿ ಆ ಹನ್ನೊಂದೂ ಇದ್ದವು. ಕಲ್ಲಿನ ಪಕ್ಕದಲ್ಲೇ ಕೂತು ಫೋಟೋ ಹಿಗ್ಗಿಸಿ ನೋಡಿ, ಓದಿ, ಅಲ್ಲೇ ಟೈಪ್ ಮಾಡಿದರೆ ಆ ಓಡಾಟ ಉಳಿಯುತ್ತದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ. ರಾತ್ರಿ ಮನೆ. ಮಳೆಗಾಲದಲ್ಲಿ ಅಲ್ಲಿ ಕರೆಂಟಿನ ಪಾಡು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇದಿಷ್ಟು ಹೇಳಿಸಿಕೊಂಡ ಮೇಲೆ ಅವಳ ಚೀಲವನ್ನು ಎದುರಿನ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟೆವು. 6 ಕಿಲೋ 300 ಗ್ರಾಂ. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್ ಸೇರಿ 2 ಕಿಲೋ 600. ಉಳಿದದ್ದು ಕ್ಯಾಮೆರಾ, ಸಣ್ಣ ಟ್ರೈಪಾಡ್, ಒಂದು ಲೀಟರ್ ನೀರು, ಪುಸ್ತಕ, ಕೊಡೆ.

ನುಡಿಯಿಂದ ಆದ ತೀರ್ಮಾನ

ಯಾವ ಯಂತ್ರ ಎನ್ನುವುದಕ್ಕೆ ಮೊದಲು ಯಾವ ಆಪರೇಟಿಂಗ್ ಸಿಸ್ಟಮ್ ಎನ್ನುವುದು ಇತ್ಯರ್ಥವಾಗಬೇಕಿತ್ತು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಪ್ರಶ್ನೆ, ಆದರೆ ಲ್ಯಾಪ್‌ಟಾಪ್ ಕೊಳ್ಳುವ ಸಲಹೆ ಕೊಡುವ ಯಾರೂ ಇದನ್ನು ಎತ್ತುವುದಿಲ್ಲ.

ಅವಳ ಪ್ರಬಂಧ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ತರಹ ಓದುವ ಅಕ್ಷರ ಸಂಕೇತದಲ್ಲಿ, ಇರಬೇಕು. ಹಳಗನ್ನಡದ ೞ, ಱ ಎರಡೂ ಅದರಲ್ಲಿ ಇವೆ. (ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಅದು ಹಾಗೇ ಉಳಿದಿದೆ. ಶಾಸನ ಓದುವವರು ಅಕ್ಷರ ಹುಡುಕುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.) ಆದರೆ ಲೇಖನ ಅಚ್ಚಿಗೆ ಹೋಗುವ ಪತ್ರಿಕೆಗಳು, ಪುಸ್ತಕ ಮಾಡುವ ಪ್ರೆಸ್ಸುಗಳು ಇನ್ನೂ ಯೂನಿಕೋಡ್ ಅಲ್ಲದ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಫೈಲು ಕೇಳುತ್ತವೆ. ನಾನೇ ಅಂಥ ಫೈಲುಗಳ ಮೇಲೆ ಇಪ್ಪತ್ತು ವರ್ಷ ಬದುಕಿದವನು, ಅದು ಬೇಗ ಹೋಗುವುದಿಲ್ಲ ಎಂದು ಬಲ್ಲೆ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸಿಗಾಗಿ ಮಾಡಿದ್ದು. ಯೂನಿಕೋಡ್ ಟೈಪಿಂಗ್ ಎಲ್ಲ ಕಡೆ ಆಗುತ್ತದೆ, ಲಿನಕ್ಸಿನಲ್ಲೂ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಸಿಗುತ್ತದೆ. ಆದರೆ ಹಳೆಯ ಫಾಂಟಿನ ಫೈಲನ್ನು ತೊಂದರೆಯಿಲ್ಲದೆ ತೆರೆದು ತಿದ್ದಿ ಪ್ರೆಸ್ಸಿಗೆ ಹಿಂದಿರುಗಿಸಲು ವಿಂಡೋಸ್ ಬೇಕು.

ಇದರಿಂದ ಬಹಳ ಆಯ್ಕೆಗಳು ಒಂದೇ ಏಟಿಗೆ ಹೋದವು. ಕ್ರೋಮ್‌ಬುಕ್ ಹೋಯಿತು. 2023ರಲ್ಲಿ 16,499 ರೂಪಾಯಿಗೆ ಬಿಡುಗಡೆಯಾದ, 990 ಗ್ರಾಂ ತೂಗುವ ಜಿಯೋಬುಕ್ ಮೇಲೆ ಅವಳ ಕಣ್ಣಿತ್ತು. ಒಂದು ಕಿಲೋಗೂ ಕಡಿಮೆ ಎಂದರೆ ಹೆಗಲಿಗೆ ಹಬ್ಬ. ಆದರೆ ಅದರಲ್ಲಿ ಇರುವುದು ಜಿಯೋ ಓಎಸ್, 64 ಜಿಬಿ ಜಾಗ. ಅದೂ ಹೋಯಿತು. ಟ್ಯಾಬ್ಲೆಟ್‌ಗೆ ಕೀಬೋರ್ಡ್ ಜೋಡಿಸುವ ಮಾತು ಬಂತು, ಅದೇ ಕಾರಣಕ್ಕೆ ಬಿಟ್ಟೆವು. ಮ್ಯಾಕ್‌ಬುಕ್ ಏರ್ ಅಕ್ಕನ ಮಿತಿಗೆ ಬರುವ ಮಾತೇ ಅಲ್ಲ.

ಹೊಸದೋ ಹಳೆಯದೋ

ವಿಂಡೋಸ್ ಇರುವ ಹೊಸ ಯಂತ್ರಗಳನ್ನು ಶಿವಮೊಗ್ಗದ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿದೆವು. 22ರಿಂದ 25 ಸಾವಿರದ ಪುಟ್ಟ ಯಂತ್ರಗಳು ಹಗುರ, ನೋಡಲು ಚೆಂದ. ಒಳಗೆ ಎರಡು ಕೋರಿನ ಸೆಲೆರಾನ್, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ ಸಂಗ್ರಹ). ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಅರ್ಹತೆಯೇ 4 ಜಿಬಿ ಮತ್ತು 64 ಜಿಬಿ. ಅಂದರೆ ಯಂತ್ರ ತನ್ನನ್ನು ತಾನು ನಡೆಸಿಕೊಳ್ಳುವಷ್ಟಕ್ಕೆ ಸರಿ, ನಮ್ಮ ಕೆಲಸಕ್ಕೆ ಏನೂ ಉಳಿಯುವುದಿಲ್ಲ. ಒಂದು ದಿನದ ಫೋಟೋಗಳೇ ಎರಡು ಮೂರು ಜಿಬಿ ಆಗುವವಳಿಗೆ ಇದನ್ನು ಕೊಡಿಸುವುದು ಮೋಸ ಮಾಡಿದಂತೆ.

33ರಿಂದ 36 ಸಾವಿರದ ಹೊಸ ಯಂತ್ರಗಳಲ್ಲಿ ಪ್ರೊಸೆಸರ್ ಚೆನ್ನಾಗಿತ್ತು, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ನಾವು ನೋಡಿದವುಗಳಲ್ಲಿ ಹೆಚ್ಚಿನವು 15.6 ಇಂಚಿನವು, 1.6ರಿಂದ 1.7 ಕಿಲೋ. ಬ್ಯಾಟರಿ 40 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ಆಚೆ ಈಚೆ. ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೆ ಬಣ್ಣ ತಿರುಗಿಬಿಡುತ್ತಿತ್ತು. ಎರಡರಲ್ಲಿ ಟೈಪ್-ಸಿ ಕಿಂಡಿ ಇತ್ತು, ಆದರೆ ಅದು ಡೇಟಾಗೆ ಮಾತ್ರ. ಚಾರ್ಜ್ ಮಾಡಲು ಕಂಪನಿಯದೇ ದುಂಡುಪಿನ್ನಿನ ಚಾರ್ಜರ್ ಹೊರಬೇಕು. ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಕಿಂಡಿಯ ಆಕಾರ ಒಂದೇ ಇದ್ದರೂ ಕೆಲಸ ಬೇರೆ ಬೇರೆ.

ಆಗ ಉಳಿದದ್ದು ಕಂಪನಿಗಳಿಂದ ಬಿಡುಗಡೆಯಾದ ಹಳೆಯ ಯಂತ್ರಗಳ ದಾರಿ. ದೊಡ್ಡ ಕಂಪನಿಗಳು ಲ್ಯಾಪ್‌ಟಾಪ್‌ಗಳನ್ನು ಮೂರು ನಾಲ್ಕು ವರ್ಷಕ್ಕೆ ಸಗಟಾಗಿ ಬದಲಿಸುತ್ತವೆ. ಬೆಂಗಳೂರಿನಲ್ಲಿ ಅಂಥ ಕಂಪನಿಗಳಿಗೆ ಬರವಿಲ್ಲ. ಆ ಯಂತ್ರಗಳು ಹರಾಜಾಗಿ, ಒರೆಸಿ ತಿದ್ದಿ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಪೇಟೆಯಂಥ ಕಡೆ ಬರುತ್ತವೆ. ಹೊಸದಿದ್ದಾಗ ಇವುಗಳ ಬೆಲೆ ಲಕ್ಷದ ಹತ್ತಿರ. ದಿನವಿಡೀ ಬಡಿಸಿಕೊಳ್ಳಲೆಂದೇ ಕಟ್ಟಿದ ಹಿಂಜು, ಕೀಲಿಮಣೆ, ಕವಚ. ಅಕ್ಕನಿಗೆ "ಹಳೇದು" ಎಂಬ ಮಾತೇ ಇಷ್ಟವಾಗಲಿಲ್ಲ. "ಬೇರೆಯವರು ಬಿಟ್ಟಿದ್ದನ್ನ ಯಾಕೆ ತರ್ತೀರಿ?" ಎಂದಳು. ಅವಳ ಅಂಜಿಕೆಯಲ್ಲಿ ಸತ್ಯ ಇಲ್ಲದಿಲ್ಲ, ಮುಂದೆ ಅಂಗಡಿಯಲ್ಲಿ ಕಂಡೆವು.

ಹಳೆಯದರಲ್ಲಿ ಒಂದು ಗೆರೆಯನ್ನು ಮಾತ್ರ ದಾಟಬಾರದೆಂದು ನಿಶ್ಚಯಿಸಿದೆ: ಇಂಟೆಲ್ ಪ್ರೊಸೆಸರಿನ 8ನೇ ಪೀಳಿಗೆಗಿಂತ ಹಿಂದಿನದು ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಆಗಲೇ ತಿಳಿದಿತ್ತು, ಮತ್ತು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. 7ನೇ ಪೀಳಿಗೆಯ ತೆಳು ಲ್ಯಾಪ್‌ಟಾಪ್‌ಗಳ ಐ5 ಚಿಪ್ಪಿನಲ್ಲಿ ಎರಡು ಕೋರ್ (ಕೆಲಸ ಮಾಡುವ ಘಟಕ). 2017ರಲ್ಲಿ ಬಂದ ಐ5-8250ಯು ಚಿಪ್ಪಿನಲ್ಲಿ ನಾಲ್ಕು. ಹೊರಗಿನಿಂದ ಒಂದೇ ತರಹ ಕಾಣುವ, ಬೆಲೆಯಲ್ಲಿ ಎರಡು ಮೂರು ಸಾವಿರ ಅಂತರದ ಎರಡು ಯಂತ್ರಗಳ ನಡುವೆ ಅಷ್ಟು ದೊಡ್ಡ ಜಿಗಿತ ಮತ್ತೆ ಸಿಗುವುದು ಅಪರೂಪ.

ನಾನು ಹೇಳಿದ್ದು, ಅವಳು ಆರಿಸಿದ್ದು

ಕೊನೆಗೆ ಎರಡು ಉಳಿದವು. ಎರಡೂ ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್, ಎರಡೂ 8ನೇ ಪೀಳಿಗೆ, ಎರಡೂ ಟೈಪ್-ಸಿಯಿಂದ ಚಾರ್ಜ್ ಆಗುವಂಥವು. ಒಂದು ಎಕ್ಸ್280: 12.5 ಇಂಚು, 1.2 ಕಿಲೋ ಹತ್ತಿರ. ಇನ್ನೊಂದು ಟಿ480: 14 ಇಂಚು, 1.6 ಕಿಲೋ ಹತ್ತಿರ. ಬೆಲೆ ಎರಡಕ್ಕೂ 20 ಸಾವಿರದ ಆಸುಪಾಸು.

ನಾನು ಎಕ್ಸ್280 ಅಂದೆ. ಓಡಾಟಕ್ಕೆ ಅಂದ ಮೇಲೆ ಹಗುರವೇ ಮೊದಲಲ್ಲವೇ? ತಕ್ಕಡಿಯ ಮೇಲೆ ಚೀಲ ಇಟ್ಟವನೂ ನಾನೇ. 400 ಗ್ರಾಂ ಕಡಿಮೆ ಎಂದರೆ ಬೆನ್ನಿಗೆ ಗೊತ್ತಾಗುತ್ತದೆ.

ಅವಳು ತನ್ನ ಡೈರಿಯಲ್ಲಿ ದಿನದ ಗಂಟೆಗಳನ್ನು ಬರೆದು ಎದುರಿಟ್ಟಳು. ಹಳ್ಳಿಯಲ್ಲಿ ಯಂತ್ರ ತೆರೆದಿರುವುದು ಮೂರೂವರೆ ಗಂಟೆ, ಬಸ್ ಸ್ಟ್ಯಾಂಡಿನಲ್ಲಿ ಒಂದು, ರಾತ್ರಿ ಕರೆಂಟ್ ಹೋದರೆ ಇನ್ನೆರಡು. ಆರೂವರೆ ಗಂಟೆ. ಬರೀ ಟೈಪಿಂಗ್, ಪಿಡಿಎಫ್ ಆದರೆ ಇಂಥ ಯಂತ್ರ 6ರಿಂದ 7 ವ್ಯಾಟ್ ಎಳೆಯುತ್ತದೆ. ಫೋಟೋ ಹಿಗ್ಗಿಸಿ, ಪರದೆಯ ಬೆಳಕು ಪೂರ್ತಿ ಏರಿಸಿದರೆ 9, 10. ಸರಾಸರಿ 8 ಎಂದರೂ 52 ವ್ಯಾಟ್-ಅವರ್ ಬೇಕು. ಎಕ್ಸ್280 ಹೊಸದಿದ್ದಾಗಲೇ 48. ಐದು ವರ್ಷ ಹಳೆಯದರಲ್ಲಿ 35 ಉಳಿದಿದ್ದರೆ ಪುಣ್ಯ.

ಟಿ480ರಲ್ಲಿ ಬ್ಯಾಟರಿ ಎರಡು. ಒಳಗೆ 24 ವ್ಯಾಟ್-ಅವರಿನದೊಂದು, ಹಿಂಭಾಗದಲ್ಲಿ ಹೊರಗಿನಿಂದ ತೆಗೆದು ಹಾಕುವ ಇನ್ನೊಂದು. ಹೊರಗಿನದು ಮುಗಿದರೆ ಯಂತ್ರ ಆರಿಸದೆಯೇ ಕಿತ್ತು ಬೇರೊಂದನ್ನು ಹಾಕಬಹುದು, ಅಷ್ಟು ಹೊತ್ತು ಒಳಗಿನದು ನಡೆಸುತ್ತದೆ. ಒಂದು ಹೆಚ್ಚುವರಿ ಬ್ಯಾಟರಿ ಚೀಲದಲ್ಲಿದ್ದರೆ ಆರೂವರೆ ಗಂಟೆ ದಾಟುತ್ತದೆ.

"ಪವರ್ ಬ್ಯಾಂಕ್ ಇದೆಯಲ್ಲ" ಅಂದೆ. ಅವಳ ಬಳಿ ಇದ್ದದ್ದು 20,000 ಎಂಎಎಚ್‌ನದು. ಒಳಗಿನ ಸೆಲ್ಲಿನ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್-ಅವರ್, ಕಾಗದದ ಮೇಲೆ ಭರ್ಜರಿ. ಆದರೆ ಅದು ಫೋನಿಗಾಗಿ ಮಾಡಿದ್ದು, ಲ್ಯಾಪ್‌ಟಾಪ್ ಕೇಳುವ 20 ವೋಲ್ಟ್ ಅದರಿಂದ ಬರುವುದಿಲ್ಲ. 45 ವ್ಯಾಟ್ ಮೇಲಿನ ಪವರ್ ಬ್ಯಾಂಕ್ ಬೇರೆಯೇ ಕೊಳ್ಳಬೇಕು, ಅದರ ತೂಕ ಮತ್ತೆ ಅರ್ಧ ಕಿಲೋ ಹತ್ತಿರ. ಆಗ ನಾನು ಉಳಿಸಿದ 400 ಗ್ರಾಂ ಎಲ್ಲಿ ಹೋಯಿತು?

ಮಿಕ್ಕ ಎರಡು ಕಾರಣಗಳನ್ನೂ ಅವಳೇ ಹೇಳಿದಳು. ಎಕ್ಸ್280ರ ರ್‍ಯಾಮ್ ಮದರ್‌ಬೋರ್ಡಿಗೆ ಬೆಸೆದದ್ದು, 8 ಇದ್ದರೆ ಸಾಯುವವರೆಗೂ 8. ಟಿ480ರಲ್ಲಿ ಎರಡು ಸ್ಲಾಟ್. ಮತ್ತೆ ಟಿ480ರಲ್ಲಿ ಕ್ಯಾಮೆರಾದ ಎಸ್‌ಡಿ ಕಾರ್ಡ್ ನೇರವಾಗಿ ಹೋಗುತ್ತದೆ. ಎಕ್ಸ್280ರಲ್ಲಿ ಮೈಕ್ರೋ ಕಾರ್ಡಿಗೆ ಮಾತ್ರ ಜಾಗ. "ಕಾರ್ಡ್ ರೀಡರ್ ಒಂದು ಮರೆತ್ರೆ ಆ ದಿನ ಪೂರ್ತಿ ಹೋಯ್ತು ಮಾಮ."

"ಅಲ್ಲ ಮಾರಾಯ್ತಿ, ತೂಕ?" ಎಂದೆ ಕೊನೆಯ ಸಲ.

"ಊರಲ್ಲಿ ಯಾರ ಮನೆಗೆ ಹೋದ್ರೂ ನೀರು ಕೊಡ್ತಾರೆ ಮಾಮ. ಕರೆಂಟ್ ಕೊಡಕ್ಕೆ ಅವರ ಹತ್ರಾನೂ ಇರಲ್ಲ. ಬಾಟ್ಲಿ ಅರ್ಧ ಲೀಟರಿನದು ಮಾಡ್ಕೊಳ್ತೀನಿ."

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ತೂಕ ಎಂದರೆ ಲ್ಯಾಪ್‌ಟಾಪಿನ ತೂಕ ಎಂದು ನಾನು ಹಿಡಿದಿದ್ದೆ. ಹೊರುವವಳು ಇಡೀ ಚೀಲದ ಲೆಕ್ಕ ಮಾಡಿದ್ದಳು.

ಅಂಗಡಿಯಲ್ಲಿ ಕಳೆದ ಒಂದು ದಿನ

ಜೂನ್ ಮೊದಲ ವಾರ ಇಬ್ಬರೂ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆವು. ಹಳೆಯ ಯಂತ್ರವನ್ನು ಕಾಣದೆ ತರಿಸಿಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಮೊದಲ ಅಂಗಡಿಯಲ್ಲಿ ಟಿ480 ಎಂದು ತೋರಿಸಿದ್ದು ಟಿ470. ಎರಡೂ ನೋಡಲು ಅವಳಿಗಳು. ಸಿಸ್ಟಮ್ ಮಾಹಿತಿ ತೆರೆದರೆ ಪ್ರೊಸೆಸರ್ ಸಂಖ್ಯೆ 7ರಿಂದ ಶುರುವಾಗುತ್ತಿತ್ತು. ಯಂತ್ರ ತೆರೆಯದೆಯೇ ಹೇಳುವ ಗುರುತೂ ಇದೆ: ಟಿ470ರಲ್ಲಿ ಚಾರ್ಜರಿಗೆ ಚೌಕದ ಹಳದಿ ಕಿಂಡಿ ಬೇರೆ ಇರುತ್ತದೆ, ಟಿ480ರಲ್ಲಿ ಅದಿಲ್ಲ, ಟೈಪ್-ಸಿ ಎರಡು ಇರುತ್ತವೆ.

ಎರಡನೆಯ ಅಂಗಡಿಯ ಯಂತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂತರ್ಜಾಲಕ್ಕೆ ಸೇರಿಸಿ ವಿಂಡೋಸನ್ನು ಮೊದಲಿನಿಂದ ಹೊಂದಿಸಿ ಕೊಡಿ ಎಂದೆ. ಅಂಗಡಿಯವರು ಹಿಂದೇಟು ಹಾಕಿದರು, ನಾನು ಬಿಡಲಿಲ್ಲ. ಸೇರಿಸಿದ ಕೂಡಲೇ ಯಾವುದೋ ಸಂಸ್ಥೆಯ ಲಾಗಿನ್ ಕೇಳುವ ಪುಟ ಬಂತು. ಅಂದರೆ ಹಳೆಯ ಮಾಲೀಕರ ಪಟ್ಟಿಯಿಂದ ಆ ಯಂತ್ರ ಇನ್ನೂ ಬಿಡುಗಡೆಯಾಗಿಲ್ಲ. ಇಂಥದನ್ನು ಕೊಂಡರೆ ಮುಂದೆ ಒಂದು ದಿನ ಫಾರ್ಮ್ಯಾಟ್ ಮಾಡಿದಾಗ ಯಂತ್ರ ನಮ್ಮ ಕೈಯಿಂದ ಹೋಗುತ್ತದೆ. ಬಯೋಸಿಗೆ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶಕ್ಕೆ) ಪಾಸ್‌ವರ್ಡ್ ಇದೆಯೇ ಎನ್ನುವುದನ್ನೂ ಹೀಗೇ ಆನ್ ಮಾಡುವಾಗಲೇ ಒಳಹೊಕ್ಕು ನೋಡಬೇಕು. ಅಕ್ಕ ಹೆದರಿದ್ದು ಇಂಥದಕ್ಕೇ.

ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಐ5-8250ಯು, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ಫುಲ್ ಎಚ್‌ಡಿ ಐಪಿಎಸ್ ಪರದೆ (ಓರೆಯಿಂದ ನೋಡಿದರೂ ಬಣ್ಣ ತಿರುಗದ್ದು). ಪರದೆಯ ಬಗ್ಗೆ ಹಠ ಹಿಡಿದದ್ದು ನಾನು. ಈ ಮಾದರಿಯಲ್ಲಿ 1366×768ರ ಪರದೆಯೂ ಬರುತ್ತದೆ, ಹಳೆಯ ಸರಕಿನಲ್ಲಿ ಅದು ಬಹಳ. ಅದರಲ್ಲಿ ಹತ್ತೂವರೆ ಲಕ್ಷ ಚುಕ್ಕಿಗಳಾದರೆ ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಸವೆದ ಅಕ್ಷರ ಓದುವವಳಿಗೆ ಇದರಲ್ಲಿ ರಾಜಿ ಇಲ್ಲ.

ಬ್ಯಾಟರಿ ವರದಿ ತೆಗೆಸಿದೆವು. ವಿಂಡೋಸಿನಲ್ಲೇ ಅದಕ್ಕೆ ಆದೇಶ ಇದೆ, ಒಂದು ನಿಮಿಷದ ಕೆಲಸ. ಒಳಗಿನದು ಮೂಲ ಸಾಮರ್ಥ್ಯದ ಶೇ. 81, ಹೊರಗಿನದು ಶೇ. 64. ಹೊರಗಿನದನ್ನು ಹೇಗೂ ಹೊಸದು ತರುವವರಿದ್ದೆವು. ಒಳಗಿನದು ಚೆನ್ನಾಗಿರುವುದು ಮುಖ್ಯ.

ಕೀಲಿಮಣೆಯನ್ನು ಪರೀಕ್ಷಿಸಿದ ಬಗೆ ನನಗೆ ಬಹಳ ಹಿಡಿಸಿತು. ಅಂಗಡಿಯ ಹುಡುಗ ಎಲ್ಲ ಕೀಲಿಗಳನ್ನು ಒಂದೊಂದು ಸಲ ಒತ್ತಿ "ಸರಿ ಇದೆ ಮೇಡಂ" ಎಂದ. ಇವಳು ಪೆನ್ ಡ್ರೈವಿನಿಂದ ನುಡಿ ಹಾಕಿಸಿಕೊಂಡು "ಸ್ವಸ್ತಿ ಶ್ರೀ" ಎಂದು ಟೈಪ್ ಮಾಡತೊಡಗಿದಳು. ಬಹಳಷ್ಟು ಶಾಸನಗಳು ಶುರುವಾಗುವುದೇ ಆ ಮಾತಿನಿಂದ. ನುಡಿಯಲ್ಲಿ ಒತ್ತಕ್ಷರ ಬರಬೇಕಾದರೆ ಪ್ರತಿ ಸಲ 'ಎಫ್' ಕೀಲಿ ಒತ್ತಬೇಕು. ಆ ಎರಡು ಪದಕ್ಕೇ ಮೂರು ಸಲ. ಹತ್ತು ಸಲ ಟೈಪ್ ಮಾಡಿದರೆ ಎರಡು ಕಡೆ "ಸವಸ್ತಿ" ಎಂದು ಬಂದಿತ್ತು. ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಒಂದು ಸಾಮಾನ್ಯ ಕೀಲಿ, ಅಲ್ಲಿ ಇಲ್ಲಿ ತಪ್ಪಿದರೆ ಗೊತ್ತೂ ಆಗದು. ಕನ್ನಡಕ್ಕೆ ಅದು ಬೆನ್ನೆಲುಬು, ಅದರ ನಂತರ ಮಹಾಪ್ರಾಣ, ದೀರ್ಘಗಳಿಗೆ ಬೇಕಾದ ಶಿಫ್ಟ್. ಹಳೆಯ ಯಂತ್ರ ಕೊಳ್ಳುವ ಕನ್ನಡಿಗರು ಈ ಎರಡು ಕೀಲಿಗಳನ್ನು ನೂರು ಸಲ ಒತ್ತಿ ನೋಡಬೇಕು. ಹುಡುಗ ತಕರಾರಿಲ್ಲದೆ ಬೇರೆ ಕೀಲಿಮಣೆ ಹಾಕಿಕೊಟ್ಟ, ಕಾಲು ಗಂಟೆ ಹಿಡಿಯಿತು.

ಖರ್ಚು ಹೀಗೆ ಆಯಿತು. ಯಂತ್ರ 21,000. ಇನ್ನೊಂದು 8 ಜಿಬಿ ರ್‍ಯಾಮ್ 1,600. ಹೊಸ ಹೊರಬ್ಯಾಟರಿ 3,400. ಟೈಪ್-ಸಿಯ 65 ವ್ಯಾಟ್ ಸಣ್ಣ ಚಾರ್ಜರ್ 1,700. 1 ಟಿಬಿ ಹೊರ ಹಾರ್ಡ್ ಡಿಸ್ಕ್ 4,500. ಒಟ್ಟು 32,200. ಹಾರ್ಡ್ ಡಿಸ್ಕ್ ಆಮೇಲೆ ತಗೊಳ್ಳೋಣ ಎಂದು ಅವಳು ಅಂದಳು. ಅದೊಂದರಲ್ಲಿ ನಾನು ಮಣಿಯಲಿಲ್ಲ. ಅಂಗಡಿಯವರ ಗ್ಯಾರಂಟಿ ಆರು ತಿಂಗಳು, ಬಿಲ್ಲಿನ ಮೇಲೆ ಸೀರಿಯಲ್ ಸಂಖ್ಯೆ ಬರೆಸಿಕೊಂಡೆವು.

ಚಾರ್ಜರ್ ಬಗ್ಗೆ ಒಂದು ಮಾತು. ಹಳೆಯದರ ಚಾರ್ಜರ್ 400 ಗ್ರಾಂ, ಇದು ಕೇಬಲ್ ಸೇರಿ 150ರ ಹತ್ತಿರ, ಫೋನಿಗೂ ಇದೇ. ತಕ್ಕಡಿಯ ಮೇಲೆ ಚೀಲ ಮತ್ತೆ ಇಟ್ಟಾಗ, ಬಾಟಲಿಯೂ ಸಣ್ಣದಾಗಿ, 5 ಕಿಲೋಗೆ ಸ್ವಲ್ಪ ಮೇಲೆ ಬಂತು.

ಒಂದೂವರೆ ವರ್ಷದ ಮೇಲೆ

ಈ ಅವಧಿಯಲ್ಲಿ ಅವಳು ಹಿಂದಿರುಗಿ ಹೋದದ್ದು ಎರಡೇ ಸಲ, ಅದರಲ್ಲಿ ಒಂದು ಮಳೆಗೆ. ಒಳಗಿನ ಬ್ಯಾಟರಿ ಶೇ. 81ರಿಂದ 73ಕ್ಕೆ ಇಳಿದಿದೆ. ಸೆಟ್ಟಿಂಗಿನಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲುವಂತೆ ಇಟ್ಟುಕೊಂಡು, ಹಳ್ಳಿಗೆ ಹೋಗುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತಾಳೆ. ವಿಂಡೋಸ್ 11 ನಡೆಯುತ್ತಿದೆ. 16 ಜಿಬಿ ಆದ ಮೇಲೆ ರೈಸರ ಸಂಪುಟ, ಫೋಟೋ, ಪ್ರಬಂಧದ ಫೈಲು ಮೂರೂ ಒಟ್ಟಿಗೆ ತೆರೆದಿದ್ದರೂ ತಡವರಿಸುವುದಿಲ್ಲ. ಒಮ್ಮೆ ಚಹಾ ಚೆಲ್ಲಿತು. ಈ ಕೀಲಿಮಣೆಯ ಅಡಿಯಲ್ಲಿ ದ್ರವ ಇಳಿದುಹೋಗಲು ತೂತುಗಳಿವೆ, ಒರೆಸಿ ಒಂದು ದಿನ ಬೋರಲು ಮಲಗಿಸಿಟ್ಟು ಮತ್ತೆ ಹಚ್ಚಿದಳು. ವಿಶ್ವವಿದ್ಯಾಲಯದ ಸೆಮಿನಾರ್ ಹಾಲಿನ ಪ್ರೊಜೆಕ್ಟರಿಗೆ ಎಚ್‌ಡಿಎಂಐ ನೇರ ಹೋಗುತ್ತದೆ, ಅಡಾಪ್ಟರ್ ಹುಡುಕಾಟ ಇಲ್ಲ. ಒಮ್ಮೆ ವಿಮಾನದಲ್ಲೂ ಹೋಗಿಬಂದಳು. ಬಿಡಿ ಬ್ಯಾಟರಿ 100 ವ್ಯಾಟ್-ಅವರಿನ ಒಳಗಿದ್ದರಿಂದ ಕೈಚೀಲದಲ್ಲಿ ಒಯ್ಯಲು ಯಾರೂ ತಡೆಯಲಿಲ್ಲ.

ತೊಂದರೆ ಇರುವುದು ಪರದೆಯ ಬೆಳಕಿನದು. ಇದು 250 ನಿಟ್ಸ್ ಹತ್ತಿರದ ಪರದೆ. ಮನೆಯೊಳಗೆ ಧಾರಾಳ, ಬಯಲಿನಲ್ಲಿ ಮಧ್ಯಾಹ್ನ ಏನೂ ಕಾಣುವುದಿಲ್ಲ. ಕೊಳ್ಳುವಾಗ ಚುಕ್ಕಿಗಳನ್ನು ಲೆಕ್ಕ ಹಾಕಿದ ನಾನು ಬೆಳಕನ್ನು ಲೆಕ್ಕ ಹಾಕಲಿಲ್ಲ. ಕಲ್ಲಿನ ಪಕ್ಕದಲ್ಲೇ ಕೂತು ನೋಡುವುದಕ್ಕೆಂದೇ ಹೊರಟು, ಅಂಗಡಿಯಿಂದ ಯಂತ್ರವನ್ನು ಹತ್ತು ಹೆಜ್ಜೆ ಹೊರಗೆ ಬಿಸಿಲಿಗೆ ತಂದು ನೋಡದೇ ಇದ್ದದ್ದು ನನ್ನ ತಪ್ಪು. ಈಗ ಅವಳು ದೇವಸ್ಥಾನದ ಮುಖಮಂಟಪಕ್ಕೋ ಯಾರದಾದರೂ ಜಗಲಿಗೋ ಹೋಗಿ ಕೂರುತ್ತಾಳೆ. ಅದೂ ಇಲ್ಲದ ಕಡೆ ಕಪ್ಪು ಕೊಡೆ ಬಿಡಿಸಿ ಅದರೊಳಗೆ ಯಂತ್ರ ಇಟ್ಟುಕೊಳ್ಳುತ್ತಾಳೆ.

ಜಗಲಿಗೆ ಹೋಗಿ ಕೂರುವುದರಿಂದ ಇನ್ನೊಂದು ಆಯಿತು. ಊರಿನ ಹಿರಿಯರು ಪಕ್ಕದಲ್ಲಿ ಬಂದು ಕೂರುತ್ತಾರೆ. ಐಪಿಎಸ್ ಪರದೆಯಾದ್ದರಿಂದ ಓರೆಯಿಂದಲೂ ಅವರಿಗೆ ಕಾಣುತ್ತದೆ. ತಮ್ಮ ಮನೆ ಹಿತ್ತಲಿನ ಕಲ್ಲಿನ ಮೇಲೆ ಬರಹ ಇದೆ ಎನ್ನುವುದನ್ನೇ ಅರಿಯದವರು, ಹಿಗ್ಗಿಸಿದ ಪಟ್ಟಿಯಲ್ಲಿ ತಮ್ಮ ಊರಿನ ಹಳೆಯ ಹೆಸರನ್ನು ಅವಳು ಬೆರಳಿಟ್ಟು ಓದಿದಾಗ, ಇನ್ನೊಂದು ಕಲ್ಲು ಎಲ್ಲಿದೆ ಎಂದು ತಾವೇ ಹೇಳುತ್ತಾರೆ. ಹಾಗೆ ಸಿಕ್ಕ ಎರಡು ಕಲ್ಲುಗಳು ಅವಳ ಬಳಿಯಿದ್ದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಪರದೆಯನ್ನೇ ಬದಲಿಸುವ ದಾರಿ ಇದೆ. ಇದೇ ಅಳತೆಯ, ಇದೇ ಕನೆಕ್ಟರಿನ, 400 ನಿಟ್ಸ್ ಬೆಳಕಿನ, ಕರೆಂಟನ್ನೂ ಕಡಿಮೆ ತಿನ್ನುವ ಪ್ಯಾನೆಲ್‌ಗಳು ಸಿಗುತ್ತವೆ. ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಬ್ಬ ರಿಪೇರಿಯವರು ಕೂಲಿ ಸೇರಿ 7,000 ಹೇಳಿದ್ದಾರೆ. ಫೆಲೋಶಿಪ್ಪಿನ ಮುಂದಿನ ಕಂತು ಬಂದ ಮೇಲೆ ನೋಡೋಣ ಎಂದಿದ್ದಾಳೆ. ಈ ಸಲ ಬದಲಿಸುವ ಮೊದಲು ಅಂಗಳಕ್ಕೆ ತಂದು, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ, ಅವಳದೇ ಒಂದು ಫೋಟೋ ಹಾಕಿ ನೋಡಿ ಹಣ ಕೊಡುವುದೆಂದು ಮಾತಾಗಿದೆ.